ಎಣ್ಣೆ ಕಂಪನಿಯ ಯಜಮಾನ ಯಾರು?

(ಏಕಸಂಬಿಯ ಕೇಳುಗರಿಗಾಗಿ ಸಿದ್ಧಪಡಿಸಿದ ಉಪನ್ಯಾಸ)



ದೂಧಗಂಗೆಯ ಈ ಕಬ್ಬಿನ ಸೀಮೆಗೆ ಒಂದು ಪ್ರಶ್ನೆ ಹೊಸದಲ್ಲ. ಸಹಕಾರಿ ಸಕ್ಕರೆ ಕಾರ್ಖಾನೆಯ ಯಜಮಾನ ಯಾರು? ಷೇರು ಹಾಕಿದ ರೈತನೋ, ಅಧ್ಯಕ್ಷನೋ, ಕಟ್ಟಳೆ ಹಾಕುವ ಸರಕಾರವೋ? ಇದೇ ಪ್ರಶ್ನೆ ಒಎನ್‌ಜಿಸಿ ಎಂಬ ಸರಕಾರಿ ಎಣ್ಣೆ ಕಂಪನಿಯಲ್ಲಿಯೂ ಎದ್ದಿತ್ತು. ಆ ಜಗ್ಗಾಟದ ನಡುವೆ ನಿಂತವರು ಸುಬೀರ್ ರಾಹಾ.

ಇಂಡಿಯನ್ ಆಯಿಲ್‌ನಲ್ಲಿ ಬೆಳೆದ ರಾಹಾ 2001ರ ಮೇ ತಿಂಗಳಲ್ಲಿ ಒಎನ್‌ಜಿಸಿ ಅಧ್ಯಕ್ಷರಾದರು. ಕನ್ನಡನಾಡಿಗೆ ಅವರ ನಂಟು ಮಂಗಳೂರಿನ ಮೂಲಕ. ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಬಿರ್ಲಾ ಸಮೂಹ ಕೂಡಿ ಕಟ್ಟಿದ ಅಲ್ಲಿನ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್ ಆಗ ಸಾಲದ ಭಾರದಿಂದ ಕುಸಿದಿತ್ತು. 2003ರ ಮಾರ್ಚ್‌ನಲ್ಲಿ ಒಎನ್‌ಜಿಸಿ ಬಿರ್ಲಾ ಸಮೂಹದ ಪಾಲನ್ನು ಕೊಂಡು, ಮೇಲೆ 600 ಕೋಟಿ ರೂಪಾಯಿ ಬಂಡವಾಳ ಹಾಕಿತು. ಮರುವರ್ಷವೇ ಕಾರ್ಖಾನೆ ಲಾಭಕ್ಕೆ ತಿರುಗಿತು. ಅದೇ ಕಾಲಕ್ಕೆ ಕಂಪನಿ ಸುಡಾನಿನ ತೈಲಕ್ಷೇತ್ರದಲ್ಲಿ ನಾಲ್ಕನೆಯ ಒಂದು ಪಾಲನ್ನೂ ಪಡೆಯಿತು.

ವಿವಾದ ಹುಟ್ಟಿದ್ದೂ ಇಲ್ಲಿಂದಲೇ. ಎಣ್ಣೆ ಹುಡುಕಿ ತೆಗೆಯಬೇಕಾದ ಕಂಪನಿಗೆ ಶುದ್ಧೀಕರಣ, ಮಾರಾಟದ ಉಸಾಬರಿ ಏಕೆ? ದೇಶದೊಳಗಿನ ಉತ್ಪಾದನೆ ಹೆಚ್ಚಿತೇ? ಹೀಗೆಂದು ಟೀಕಾಕಾರರು ಕೇಳಿದರು. ಅಡುಗೆ ಅನಿಲ, ಸೀಮೆಎಣ್ಣೆಗಳ ಅಗ್ಗದ ದರದ ಹೊರೆಯಲ್ಲಿ ಒಂದು ಪಾಲು ಕಂಪನಿಯ ಹೆಗಲೇರಿತ್ತು. ಮಣಿಶಂಕರ ಅಯ್ಯರ್ ಸಚಿವರಾಗಿದ್ದಾಗ ಸಚಿವಾಲಯದೊಡನೆ ರಾಹಾ ಅವರ ತಿಕ್ಕಾಟ ಬಹಿರಂಗವಾಯಿತು. ಕಂಪನಿಯ ಸ್ವಾತಂತ್ರ್ಯವನ್ನು ಅವರು ಬಿಟ್ಟುಕೊಡಲು ಸಿದ್ಧರಿರಲಿಲ್ಲ. ಆದರೆ ಮುಕ್ಕಾಲು ಪಾಲು ಷೇರು ಸರಕಾರದ್ದೇ ಆಗಿತ್ತು.

2005ರ ಜುಲೈ 27ರಂದು ಮುಂಬೈ ಹೈನಲ್ಲಿ ಹಡಗೊಂದು ತೈಲ ವೇದಿಕೆಯ ಕೊಳವೆಗೆ ಬಡಿದು ಬೆಂಕಿ ಎದ್ದಿತು. 22 ಜನ ಸತ್ತರು. 362 ಜನರನ್ನು ರಕ್ಷಿಸಲಾಯಿತು. ಲಾಭದ ಲೆಕ್ಕದ ಪಕ್ಕದಲ್ಲಿ ಈ ಲೆಕ್ಕವನ್ನೂ ಇಡಲೇಬೇಕು. 2006ರ ಮೇ ತಿಂಗಳಲ್ಲಿ ರಾಹಾ ಅವರ ಅವಧಿ ಮುಗಿಯಿತು, ಮುಂದುವರಿಕೆ ಸಿಗಲಿಲ್ಲ. 2010ರಲ್ಲಿ ಅವರು ತೀರಿಕೊಂಡರು.

ಅವರು ಮಾಡಿದ್ದೆಲ್ಲ ಸರಿ ಎನ್ನಬೇಕಾಗಿಲ್ಲ. ಆದರೆ ಅಧ್ಯಕ್ಷನಿಗೆ ಹೊಣೆ ಪೂರ್ತಿ ಹೊರಿಸಿ, ಅಧಿಕಾರ ಅರ್ಧ ಕೊಟ್ಟರೆ ತಪ್ಪು ಯಾರದೆಂದು ಕೊನೆಗೂ ಗೊತ್ತಾಗುವುದಿಲ್ಲ. ಸರಕಾರಿ ಕಂಪನಿಯ ನಿಜವಾದ ಯಜಮಾನರು ಜನ. ಸರಕಾರ ಅವರ ಪರವಾಗಿ ಷೇರು ಹಿಡಿದ ವಕ್ತಾರ ಮಾತ್ರ. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕಾರ್ಖಾನೆಯ ಲೆಕ್ಕ ಕೇಳುವ ಈ ಸೀಮೆಯ ರೈತ ಆ ಕಂಪನಿಗೂ ಪಾಲುದಾರನೇ. ಲೆಕ್ಕ ಕೇಳುವಾಗ ಅಧ್ಯಕ್ಷನನ್ನು ಮಾತ್ರವಲ್ಲ, ಅವನ ಕೈ ಹಿಡಿದವರನ್ನೂ ಕೇಳಬೇಕು.