ತಿದ್ದಿದವರ ಲೆಕ್ಕ



ಓಲೆಗರಿಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಗ್ರಂಥಸಂಪಾದನೆಗೆ ಕುಳಿತವರನ್ನು ಒಂದು ಪ್ರಶ್ನೆ ಸದಾ ಕಾಡುತ್ತದೆ: ಈ ಪಾಠವನ್ನು ತಿದ್ದಿದವರು ಯಾರು? ಎಂದು, ಏಕೆ ತಿದ್ದಿದರು? ಲಿಪಿಕಾರ ಉತ್ತರ ಹೇಳುವುದಿಲ್ಲ. ಗಣಕದ ತಂತ್ರಾಂಶ ಬರೆಯುವವರಾದರೋ ಈ ಉತ್ತರವನ್ನು ಮೊದಲೇ ಬರೆದಿಡುವ ಏರ್ಪಾಟು ಮಾಡಿಕೊಂಡಿದ್ದಾರೆ. ಪ್ರತಿಯೊಂದು ತಿದ್ದುಪಡಿಯನ್ನೂ ತಿದ್ದಿದವರ ಹೆಸರು, ದಿನಾಂಕ, ಕಾರಣಗಳೊಡನೆ ದಾಖಲಿಸುವ ಈ ಏರ್ಪಾಟಿಗೆ ಆವೃತ್ತಿ ನಿಯಂತ್ರಣವೆಂದು ಹೆಸರು.

ಇಂಥ ಸಾಧನಗಳಲ್ಲಿ ಸಿವಿಎಸ್ ಎಂಬುದು ಹಳೆಯದು. 1986ರಲ್ಲಿ ನೆದರ್ಲೆಂಡ್ಸಿನ ಡಿಕ್ ಗ್ರೂನ್ ಅದಕ್ಕೆ ತಳಹದಿ ಹಾಕಿದರು. ಅದರಲ್ಲಿ ಚರಿತ್ರೆಯೆಲ್ಲವೂ ಒಂದೇ ಕೇಂದ್ರದಲ್ಲಿರುತ್ತದೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರಚಿಸಿದ ಗಿಟ್‌ನಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬ ಕೆಲಸಗಾರನ ಬಳಿಯೂ ಇಡೀ ಚರಿತ್ರೆಯ ಪ್ರತಿಯಿರುತ್ತದೆ. ಮುಕ್ತ ತಂತ್ರಾಂಶದ ಲೋಕದ ಬಹುಪಾಲು ಗಿಟ್‌ನತ್ತ ಹೊರಳಿತು. ಆದರೆ 1995ರಲ್ಲಿ ಆರಂಭವಾದ ಓಪನ್‌ಬಿಎಸ್‌ಡಿ ಎಂಬ ಬಳಗ ಸಿವಿಎಸ್ಸನ್ನು ಇಂದಿಗೂ ಬಿಟ್ಟಿಲ್ಲ.

ಇದನ್ನು ಜಡತೆಯೆಂದು ತಳ್ಳಿಹಾಕುವುದು ಸುಲಭ. ಆದರೆ ದೂರದ ಗಣಕಗಳನ್ನು ಸುರಕ್ಷಿತವಾಗಿ ನಡೆಸಲು ಜಗತ್ತೆಲ್ಲ ಬಳಸುವ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಹೊರಬಂದುದು ಈ ಬಳಗದಿಂದಲೇ. ಸಿದ್ಧವಾದ ಪ್ರತಿಯನ್ನಷ್ಟೇ ಹೊರಗೆ ಕೊಡುವುದು ವಾಡಿಕೆಯಾಗಿದ್ದ ಕಾಲದಲ್ಲಿ, ತಿದ್ದುಪಡಿಗಳ ಚರಿತ್ರೆಯನ್ನೆಲ್ಲ ಯಾರು ಬೇಕಾದರೂ ಓದಲೆಂದು ತೆರೆದಿಟ್ಟ ಮೊದಲಿಗರಲ್ಲಿ ಇವರೂ ಸೇರುತ್ತಾರೆ. ಅದಕ್ಕೆ ಒದಗಿದ ಸಾಧನ ಇದೇ ಸಿವಿಎಸ್. ಇಂದು ಹಳತೆನ್ನಿಸುವುದು ಅಂದು ಹೊಸ ಬಾಗಿಲಾಗಿತ್ತು. ಕೈಗೆ ಪಳಗಿದ ಸಾಧನವನ್ನು ಬದಲಿಸುವಾಗ ತಪ್ಪುಗಳು ನುಸುಳುವ ಭಯವೂ ನಿರಾಧಾರವಾದುದಲ್ಲ.

ಹಾಗೆಂದು ಹಳೆಯದರ ಕೊರತೆಗಳನ್ನು ಮುಚ್ಚಿಡಲಾಗದು. ಸಿವಿಎಸ್ ಒಂದೊಂದು ಕಡತದ ಲೆಕ್ಕವನ್ನು ಬೇರೆ ಬೇರೆಯಾಗಿಡುತ್ತದೆ. ಹತ್ತು ಕಡತಗಳನ್ನು ಮುಟ್ಟಿದ ಒಂದು ತಿದ್ದುಪಡಿ ಹತ್ತಾಗಿ ಒಡೆಯುತ್ತದೆ. ಕಡತದ ಹೆಸರು ಬದಲಾದರೆ ಚರಿತ್ರೆಯ ಎಳೆ ಹರಿಯುತ್ತದೆ. ಅದೇ ಮನೆತನದ ಫ್ರೀಬಿಎಸ್‌ಡಿ 2008ರಲ್ಲಿ ಸಬ್‌ವರ್ಷನ್ನಿಗೂ, 2020ರ ಕೊನೆಯಲ್ಲಿ ಗಿಟ್‌ಗೂ ತನ್ನ ಮೂಲವನ್ನು ಸಾಗಿಸತೊಡಗಿತು. ಹೋಗುವಾಗ 1993ರಿಂದ ಬಂದ ಚರಿತ್ರೆಯನ್ನೂ ಹೊತ್ತೊಯ್ದಿತು.

ಹಾಗಾದರೆ ಇಬ್ಬರಲ್ಲಿ ಯಾರು ಸರಿ? ಉಳಿಯಬೇಕಾದುದು ಸಾಧನವಲ್ಲ, ತಿದ್ದಿದವರ ಲೆಕ್ಕ. ಅದನ್ನು ಇಬ್ಬರೂ ಉಳಿಸಿಕೊಂಡಿದ್ದಾರೆ. ಆದರೆ ಗಿಟ್ ಒಂದನ್ನೇ ಕಲಿತು ಬರುವ ತರುಣರು ಹೊಸ್ತಿಲಲ್ಲೇ ಹಿಂಜರಿದರೆ ನಾಳೆ ಆ ಲೆಕ್ಕವನ್ನು ಮುಂದುವರಿಸುವವರು ಯಾರು? ಓಪನ್‌ಬಿಎಸ್‌ಡಿಯವರು ಮೂಲವನ್ನು ಸಿವಿಎಸ್‌ನಲ್ಲೇ ಇರಿಸಿ, ಓದುವವರಿಗಾಗಿ ಗಿಟ್ ರೂಪದ ಪ್ರತಿಯೊಂದನ್ನೂ ಹೊರಗಿಟ್ಟಿದ್ದಾರೆ. ಓಲೆಯನ್ನು ಜೋಪಾನ ಮಾಡಿ ಅಚ್ಚಿನ ಪ್ರತಿಯನ್ನು ಓದುಗರ ಕೈಗೆ ಕೊಟ್ಟಂತೆ ಇದು. ಆದರೂ ಓಲೆಯನ್ನು ಓದಬಲ್ಲ ಒಬ್ಬ ಶಿಷ್ಯನಾದರೂ ಹಿಂದೆ ಬರಬೇಕು. ಅವನು ಬಾರದಿದ್ದರೆ ಕಾಪಿಟ್ಟುದೂ ಕಳೆದುಕೊಂಡುದಕ್ಕೆ ಸಮ.