ನೇತ್ರಾಣಿಯ ನೀರಿನೊಳಗೆ

(ವೇದಿಕೆಯ ರಾಜ್ಯೋತ್ಸವ ಸಭೆಯಲ್ಲಿ, ಸೌತ್‌ಹಾಲ್‌ನಲ್ಲಿ ಆಡಿದ ಮಾತು)



ಕಾರ್ಯದರ್ಶಿಗಳು ಫೋನ್ ಮಾಡಿ, ಹತ್ತು ನಿಮಿಷ ಮಾತಾಡಬೇಕು, ವಿಷಯ ನಿಮ್ಮಿಷ್ಟ ಅಂದರು. ಮನೆ ವೈರಿಂಗ್ ಬಗ್ಗೆ ಹೇಳಲಾ ಅಂತ ಕೇಳಿದೆ. "ಹೋದ ವರ್ಷ ಪಿಂಚಣಿ ಆಯಿತು, ಅದರ ಹಿಂದಿನ ವರ್ಷ ವೀಸಾ ಆಯಿತು, ಈ ಸಲ ಸ್ವಲ್ಪ ಗಾಳಿ ಬೆಳಕು ಇರಲಿ ಮಾರಾಯ್ರೆ" ಅಂದರು. ಸರಿ. ಗಾಳಿ ಸಿಲಿಂಡರಿನಲ್ಲಿದೆ. ಬೆಳಕು ನೀರಿನ ಕೆಳಗೆ ಎಷ್ಟು ಇಳಿಯುತ್ತದೋ ಅಷ್ಟು.

ಎರಡು ವರ್ಷದ ಹಿಂದೆ, ನವೆಂಬರ್ ತಿಂಗಳು, ಸೈಟಿನಲ್ಲಿ ಚಹಾ ಹೊತ್ತು. ನನ್ನ ಜೊತೆ ಕೇಬಲ್ ಎಳೆಯುವ ಇಂಗ್ಲಿಷ್ ಹುಡುಗ ಫೋನಿನಲ್ಲಿ ಫೋಟೋ ತೋರಿಸಿದ. ಈಜಿಪ್ಟಿನ ಶರ್ಮ್ ಎಲ್ ಶೇಖ್‌ಗೆ ಹೋಗಿ ಕೆಂಪು ಸಮುದ್ರದಲ್ಲಿ ಡೈವಿಂಗ್ ಮಾಡಿ ಬಂದಿದ್ದ. "ನೀನು ಸಮುದ್ರದ ಪಕ್ಕದವನಲ್ಲವಾ, ನಿಮ್ಮಲ್ಲೂ ಇದೆಯಾ?" ಅಂತ ಕೇಳಿದ. ನಾನು ದೊಡ್ಡ ಮನುಷ್ಯನ ಹಾಗೆ, ಇದೆ ಇದೆ, ಅಂಡಮಾನಿನಲ್ಲಿ ಹ್ಯಾವ್‌ಲಾಕ್ ಅಂತ ದ್ವೀಪ ಇದೆ ಅಂದೆ. ಅಂದಮೇಲೆ ನನಗೇ ನಗು ಬಂತು. ನಮ್ಮ ಸೌತ್‌ಹಾಲ್‌ನಲ್ಲೂ ಹ್ಯಾವ್‌ಲಾಕ್ ರಸ್ತೆ ಇದೆಯಲ್ಲ, ದೊಡ್ಡ ಗುರುದ್ವಾರ ಇರುವ ರಸ್ತೆ! ಎರಡೂ 1857ರ ಅದೇ ಇಂಗ್ಲಿಷ್ ಜನರಲ್‌ನ ಹೆಸರು. ದ್ವೀಪಕ್ಕೆ 2018ರಲ್ಲಿ ಸ್ವರಾಜ್ ದ್ವೀಪ ಅಂತ ಹೆಸರಿಟ್ಟರು, ಇಲ್ಲಿ ಗುರುದ್ವಾರದ ಮುಂದಿನ ಭಾಗ ಗುರು ನಾನಕ್ ರಸ್ತೆ ಆಯಿತು. ಅದಿರಲಿ. ನಾಚಿಕೆಯ ವಿಷಯ ಏನೆಂದರೆ, ಅಂಡಮಾನಿನ ಹೆಸರು ಬಾಯಿಗೆ ಬಂದ ನನಗೆ ನಮ್ಮ ಮನೆ ಅಂಗಳದಿಂದ ಕಾಣುವ ದ್ವೀಪದ ಹೆಸರು ಬರಲಿಲ್ಲ.

ನಮ್ಮೂರು ಮುರುಡೇಶ್ವರ. ಉತ್ತರ ಕನ್ನಡ, ಭಟ್ಕಳ ತಾಲೂಕು. 123 ಅಡಿಯ ಶಿವನ ಮೂರ್ತಿಯನ್ನು ನೀವೆಲ್ಲ ನೋಡಿದ್ದೀರಿ, ಕಮ್ಮಿ ಅಂದರೆ ಕ್ಯಾಲೆಂಡರಿನಲ್ಲಿ. ಅಲ್ಲಿ ನಿಂತು ಪಡುವಣಕ್ಕೆ ನೋಡಿದರೆ, ಹವೆ ತಿಳಿಯಾದ ದಿನ, ಕಡಲಿನ ಅಂಚಿನಲ್ಲಿ ಒಂದು ಕಪ್ಪು ದಿಬ್ಬ ಕಾಣುತ್ತದೆ. ಅದೇ ನೇತ್ರಾಣಿ. ದಡದಿಂದ ಸುಮಾರು 19 ಕಿಲೋಮೀಟರ್. ಮೇಲಿನಿಂದ ತೆಗೆದ ಫೋಟೋದಲ್ಲಿ ಹೃದಯದ ಆಕಾರ ಕಾಣುತ್ತದೆ ಅಂತ ಈಗಿನವರು ಹೇಳುತ್ತಾರೆ. ನಮಗೆ ಆ ಆಕಾರ ಗೊತ್ತಿರಲಿಲ್ಲ. ಇಂಗ್ಲಿಷಿನವರು ಪಾರಿವಾಳದ ದ್ವೀಪ ಅಂತ ಕರೆದಿದ್ದರು. ಜನವಸತಿ ಇಲ್ಲ. ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ, ಮೀನುಗಾರರು ಹರಕೆಗೆ ಬಿಟ್ಟ ಆಡುಗಳ ಸಂತತಿ ಇದೆ. ಹಿಂದೆ ನೌಕಾಪಡೆಯವರು ಗುರಿ ಹೊಡೆಯುವ ಅಭ್ಯಾಸಕ್ಕೂ ಈ ದ್ವೀಪವನ್ನು ಬಳಸುತ್ತಿದ್ದರು.

ನನ್ನ ಅಜ್ಜ ರಂಪಣಿ ಬಲೆ ಎಳೆದವರು. ಅಪ್ಪ ಸಣ್ಣ ದೋಣಿಯಲ್ಲಿ 30 ವರ್ಷ ನೇತ್ರಾಣಿಯ ಸುತ್ತ ಬಲೆ ಬಿಟ್ಟವರು. ನಾನು? ನನಗೆ ಈಜು ಬರುವುದಿಲ್ಲ. ನಗಬೇಡಿ, ನಮ್ಮ ಕೇರಿಯಲ್ಲಿ ಈಜು ಬಾರದವರು ಬೇಕಾದಷ್ಟು ಜನ. ನನ್ನ ಚಿಕ್ಕಪ್ಪ ಒಂದು ಆಗಸ್ಟಿನಲ್ಲಿ ದೋಣಿ ಮಗುಚಿ ಹೋದ ಮೇಲೆ ಅಪ್ಪ ನನ್ನನ್ನು ನೀರಿಗೆ ಬಿಡಲಿಲ್ಲ. ಎಸ್ಸೆಸ್ಸೆಲ್ಸಿ ಆದದ್ದೇ ಕಾರವಾರದ ಸರ್ಕಾರಿ ಐಟಿಐಗೆ ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರಿಸಿ ಬಂದರು. ಒಂದೇ ಮಾತು ಹೇಳಿದರು: "ಕರೆಂಟು ಕಣ್ಣಿಗೆ ಕಾಣೂದಿಲ್ಲ, ಆದ್ರೆ ಅದಕ್ಕೆ ಸ್ವಿಚ್ಚಾದ್ರೂ ಇರ್ತದೆ ತಮಾ."

ಆಮೇಲಿನ ಕಥೆ ನಿಮ್ಮೆಲ್ಲರ ಕಥೆಯೇ. ಬೆಂಗಳೂರು, ದುಬೈ, ಒಬ್ಬ ಏಜೆಂಟ್, ಸಾಲ, ಈ ಊರು. ಬಂದ ಮೊದಲೆರಡು ವರ್ಷ ನನ್ನ ಸರ್ಟಿಫಿಕೇಟು ಟ್ರಂಕಿನಲ್ಲೇ ಇತ್ತು, ನಾನು ಬೇರೆಯವರ ಕೇಬಲ್ ಎಳೆಯುತ್ತಿದ್ದೆ. ಎನ್‌ವಿಕ್ಯೂ ಮೂರನೇ ಹಂತ, ಎಎಂ2 ಪರೀಕ್ಷೆ ಮುಗಿಸಿ ಗೋಲ್ಡ್ ಕಾರ್ಡ್ ಕೈಗೆ ಬರುವಷ್ಟರಲ್ಲಿ ತಲೆಯಲ್ಲಿ ಕೂದಲು ಕಮ್ಮಿಯಾಗಿತ್ತು.

ಇಲ್ಲಿ ಕ್ರಿಸ್‌ಮಸ್‌ಗೆ ಸೈಟ್ ಎರಡು ವಾರ ಮುಚ್ಚುತ್ತದೆ. ಆ ವರ್ಷ ಇನ್ನೊಂದು ವಾರ ಸೇರಿಸಿ ಊರಿಗೆ ಹೊರಟೆ. ಹೊರಡುವ ಮೊದಲೇ ಅಕ್ಕ ಫೋನಿನಲ್ಲಿ ಒಂದು ಕೆಲಸ ಹಚ್ಚಿದ್ದಳು. ಅವಳ ಮಗ ಪಿಯುಸಿ ಮುಗಿಸಿ ಡೈವಿಂಗ್ ಕಂಪನಿಯೊಂದರಲ್ಲಿ ಸಿಲಿಂಡರ್ ಹೊರುವ ಕೆಲಸಕ್ಕೆ ಸೇರಿದ್ದ. ನಾಲ್ಕು ವರ್ಷದಲ್ಲಿ ಒಂದೊಂದೇ ಪರೀಕ್ಷೆ ಕಟ್ಟಿ ಡೈವ್‌ಮಾಸ್ಟರ್ ಆಗಿದ್ದ. "ಎಂತ ಮಾಸ್ಟರೋ ಏನೋ, ನೀರಲ್ಲಿ ಮುಳುಗೂ ಕೆಲಸ. ನೀನು ಅವನಿಗೆ ಬುದ್ಧಿ ಹೇಳಿ ಲಂಡನ್ನಿಗೆ ಕರ್ಕೊಂಡು ಹೋಗು. ದುಡ್ಡು ನಾನು ತೆಗೆದಿಟ್ಟಿದ್ದೇನೆ" ಅಂದಳು. ಆ ದುಡ್ಡು ಭಾವ ಕುವೈತಿನಲ್ಲಿ ದುಡಿದದ್ದು. ನಾನು ಆಯಿತು ಅಂದಿದ್ದೆ. ಬುದ್ಧಿ ಹೇಳಲಿಕ್ಕೇ ಹೋದದ್ದು ನಾನು.

ಹುಡುಗ ವಾದ ಮಾಡಲಿಲ್ಲ. "ಮಾವ, ಒಂದ್ ಸಲ ನನ್ನ ಸಂಗ್ತಿ ನೀರಿಗೆ ಬನ್ನಿ. ಆಮೇಲೆ ನೀವು ಹೇಳಿದ್ದು ಕೇಳ್ತೆ" ಅಂದ. ಈಜು ಬಾರದವರನ್ನೂ ಕರೆದುಕೊಂಡು ಹೋಗುತ್ತಾರಂತೆ. ಐದು ಸಾವಿರ ರೂಪಾಯಿ ಚಿಲ್ಲರೆ. ಅಪ್ಪನಿಗೆ ಹೇಳಿದಾಗ, "ಎಂತಕ್ಕೆ ತಮಾ, ದುಡ್ಡು ಕೊಟ್ಟು ನೀರಿಗೆ ಬೀಳೂದು?" ಅಂದರು. ಬರುವುದಿಲ್ಲ ಅಂದವರು ಬೆಳಿಗ್ಗೆ ಏಳಕ್ಕೆ ದೋಣಿ ಹತ್ತುವ ಜಾಗದಲ್ಲಿ ಮಫ್ಲರ್ ಸುತ್ತಿಕೊಂಡು ನಿಂತಿದ್ದರು.

ದೋಣಿಯಲ್ಲಿ ಒಂದೂವರೆ ಗಂಟೆ. ಬೆಂಗಳೂರಿನಿಂದ ಬಂದ ಐಟಿ ಹುಡುಗರು ವಾಂತಿ ಮಾಡಿಕೊಳ್ಳುತ್ತಿದ್ದರು. 'ಗಂಧದ ಗುಡಿ'ಯಲ್ಲಿ ಅಪ್ಪು ಸರ್ ನೇತ್ರಾಣಿಯಲ್ಲಿ ನೀರಿಗಿಳಿದದ್ದನ್ನು ನೋಡಿ ಬಂದವರು ಅವರು. 2022ರಲ್ಲಿ ಆ ಸಿನಿಮಾ ಬಂದ ಮೇಲೆ ಇಂಥ ಗಿರಾಕಿಗಳು ಬಹಳ ಅಂತ ಅಕ್ಕನ ಮಗ ಹೇಳಿದ. ಅಪ್ಪ ಮಾತ್ರ ಚಾಲಕನ ಪಕ್ಕ ಕೂತು, ಬಂಡೆ ಎಲ್ಲಿದೆ, ಸೆಳೆತ ಎಲ್ಲಿದೆ ಅಂತ ಅವನಿಗೆ ಗೊತ್ತಿರುವುದನ್ನೇ ಹೇಳುತ್ತಿದ್ದರು.

ದ್ವೀಪದ ಮೇಲೆ ಹತ್ತುವ ಹಾಗಿಲ್ಲ. ಕಡಿದಾದ ಬಂಡೆ, ಮೇಲೆ ಹಸಿರು, ಹದ್ದು ಸುತ್ತುತ್ತಿತ್ತು. ಇಂಜಿನ್ ನಿಲ್ಲಿಸಿದಾಗ ಆದ ಮೌನ ನನಗೆ ಈಗಲೂ ನೆನಪಿದೆ. ನಮ್ಮ ಮನೆಯ ಮೇಲೆ ಹೀಥ್ರೂ ವಿಮಾನ ಎಷ್ಟು ಹೊತ್ತಿಗೊಂದು ಹೋಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲವಲ್ಲ.

ಸಾಮಾನು ಹಾಕುವಾಗ ನನಗೆ ಧೈರ್ಯ ಬಂತು, ಯಾಕೆಂದರೆ ಅದು ನಮ್ಮ ಕೆಲಸದ ಹಾಗೇ ಇತ್ತು. ಸಿಲಿಂಡರಿನಲ್ಲಿ ಇರುವುದು ಆಮ್ಲಜನಕ ಅಲ್ಲ, ನಾವು ಉಸಿರಾಡುವ ಇದೇ ಗಾಳಿ, ಸುಮಾರು 200 ಬಾರ್ ಒತ್ತಡಕ್ಕೆ ತುಂಬಿದ್ದು. ಗೇಜ್ ನೋಡು, ವಾಲ್ವ್ ನೋಡು, ಒಬ್ಬ ನೋಡಿದ್ದನ್ನು ಇನ್ನೊಬ್ಬ ಮತ್ತೆ ನೋಡು. ಲೈನ್ ಸತ್ತಿದೆ ಅಂತ ಯಾರೋ ಹೇಳಿದರು ಅಂತ ನಾವು ಕೈ ಹಾಕುತ್ತೇವಾ? ಟೆಸ್ಟರ್ ಇಟ್ಟು ನೋಡಿಯೇ ಕೈ ಹಾಕುವುದು. ಅದೇ ಶಿಸ್ತು.

ಧೈರ್ಯ ಎರಡು ಮೀಟರಿಗೆ ಮುಗಿಯಿತು. ಕಿವಿಯೊಳಗೆ ಸ್ಕ್ರೂಡ್ರೈವರ್ ತಿರುವಿದ ಹಾಗಾಯಿತು. ಹತ್ತು ಮೀಟರ್ ಕೆಳಗೆ ಹೋದರೆ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು, ನಾನು ಮರೆತಿದ್ದೆ. ನನಗೆ ಕಂಡದ್ದು ಚಿಕ್ಕಪ್ಪನ ಮುಖ. ಮೇಲೆ ಬಂದು ಏಣಿ ಹಿಡಿದು, ಆಗೂದಿಲ್ಲ ಅಂದೆ. ಅಪ್ಪ ಮೇಲಿನಿಂದ ನೋಡುತ್ತಿದ್ದರು. ಹತ್ತಿ ಬಾ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಮೊಮ್ಮಗನಿಗೆ, "ಅವಸರ ಮಾಡ್ಬೇಡ, ಹಗ್ಗ ಹಿಡ್ಸಿ ಇಳ್ಸು" ಅಂದರು.

ಎರಡನೇ ಸಲ ಹಗ್ಗ ಹಿಡಿದು ಗೇಣು ಗೇಣು ಇಳಿದೆವು. ಇನ್‌ಸ್ಟ್ರಕ್ಟರ್ ಹಿಂದಿನಿಂದ ನನ್ನ ಸಿಲಿಂಡರ್ ಹಿಡಿದಿದ್ದರು, ಅಕ್ಕನ ಮಗ ನನ್ನ ಎದುರಿಗೇ ಹಿಂದಕ್ಕೆ ಈಜುತ್ತಾ ನನ್ನ ಕಣ್ಣನ್ನೇ ನೋಡುತ್ತಿದ್ದ. ತಳ ಕಂಡಾಗ ಖುಷಿಯಿಂದ ಹೆಬ್ಬೆರಳು ಎತ್ತಿದೆ. ತಕ್ಷಣ ಇಬ್ಬರೂ ಸೇರಿ ನನ್ನನ್ನು ಮೇಲೆ ಎತ್ತತೊಡಗಿದರು. ನೀರಿನೊಳಗೆ ಹೆಬ್ಬೆರಳು ಎತ್ತಿದರೆ ಸೂಪರ್ ಅಂತಲ್ಲ, ಮೇಲೆ ಹೋಗೋಣ ಅಂತ ಅರ್ಥ! ಸರಿ ಇದ್ದೇನೆ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ತೋರಿಸಬೇಕು.

ಏಳೆಂಟು ಮೀಟರ್ ಕೆಳಗೆ ಬಂಡೆಗಳ ಮೇಲೆ ಹವಳ ತೇಪೆ ತೇಪೆಯಾಗಿ ಬೆಳೆದಿತ್ತು. ಗಿಳಿಮೀನು ಅದನ್ನು ಕೆರೆದು ತಿನ್ನುವ ಕರಕರ ಸದ್ದು ಕೇಳಿಸುತ್ತಿತ್ತು. ಹಳದಿ ಚಿಟ್ಟೆಮೀನು ಜೋಡಿಜೋಡಿ. ಸಂದಿಯಲ್ಲಿ ಮೊರೆ ಈಲ್ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು, ಅದು ಉಸಿರಾಡುವ ರೀತಿಯೇ ಹಾಗಂತೆ, ಸಿಟ್ಟಲ್ಲ. ದೂರದಲ್ಲಿ ಬ್ಯಾರಕುಡಾ ಹಿಂಡು, ಸ್ಟೀಲ್ ಕಂಡ್ಯೂಟ್ ಪೈಪುಗಳನ್ನು ಸಾಲಾಗಿ ತೂಗುಹಾಕಿದ ಹಾಗೆ. ಒಂದು ಕಡಲಾಮೆ ನಮ್ಮನ್ನು ನೋಡಿ, ಇವರ ಹತ್ತಿರ ಏನೂ ಇಲ್ಲ ಅಂತ ಗೊತ್ತಾಗಿ, ನಿಧಾನಕ್ಕೆ ತಿರುಗಿ ಹೋಯಿತು. ಆ ಸುತ್ತಿನಲ್ಲಿ ಅಪರೂಪಕ್ಕೆ ತಿಮಿಂಗಿಲ ಶಾರ್ಕ್ ಕೂಡ ಬರುತ್ತದೆ. 2001ರಿಂದ ಕಾನೂನಿನ ರಕ್ಷಣೆ ಇರುವ ಮೀನು ಅದು. ನನಗೆ ಸಿಗಲಿಲ್ಲ, ಸಿಕ್ಕಿದೆ ಅಂತ ಸುಳ್ಳು ಹೇಳುವುದಿಲ್ಲ.

ಒಂದು ವಿಷಯ ನಮ್ಮ ಎಲೆಕ್ಟ್ರಿಷಿಯನ್ನರಿಗಾಗಿ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ನನ್ನ ಕೈಯ ಕೆಂಪು ದಾರ ಕೆಳಗೆ ಹೋದ ಹಾಗೆ ಕಂದು ಬಣ್ಣವಾಯಿತು. ಊರಿನ ರೆಡ್ ಫೇಸ್ ಇಲ್ಲಿಗೆ ಬಂದು ಬ್ರೌನ್ ಆಯಿತಲ್ಲ, ಹಾಗೇ!

ಆಮೇಲೆ ಆ ಬಲೆ. ಬಂಡೆಯೊಂದಕ್ಕೆ ಹಳೆಯ ನೈಲಾನ್ ಬಲೆ ಸಿಕ್ಕಿಕೊಂಡು ಸೀರೆಯ ಹಾಗೆ ಅಲುಗುತ್ತಿತ್ತು. ಒಳಗೆ ಒಂದು ಏಡಿ ಇನ್ನೂ ಕಾಲು ಆಡಿಸುತ್ತಿತ್ತು, ಪಕ್ಕದಲ್ಲಿ ಮೀನಿನ ಮುಳ್ಳು. ಕಳೆದುಹೋದ ಬಲೆ ಕೊಳೆಯುವುದಿಲ್ಲ, ಎತ್ತುವವರಿಲ್ಲದೆ ಹಿಡಿಯುತ್ತಲೇ ಇರುತ್ತದೆ. ಅಕ್ಕನ ಮಗ ಕಾಲಿಗೆ ಕಟ್ಟಿದ್ದ ಚೂರಿ ತೆಗೆದು, ಅವಸರವಿಲ್ಲದೆ ಒಂದೊಂದೇ ಎಳೆ ಕತ್ತರಿಸಿ ಏಡಿಯನ್ನು ಬಿಟ್ಟ. ಬಲೆಯನ್ನು ಸುತ್ತಿ ಚೀಲಕ್ಕೆ ಹಾಕಿದ. ಒಂದು ಹವಳವನ್ನೂ ಮುಟ್ಟಲಿಲ್ಲ. ಲೈವ್ ಪ್ಯಾನೆಲ್ ಮುಂದೆ ಒಳ್ಳೆಯ ಕೆಲಸಗಾರ ಹೇಗೆ ನಿಲ್ಲುತ್ತಾನೋ ಹಾಗಿತ್ತು ಅವನ ಮೈ. 15 ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಕೈ ನೋಡಿದರೆ ನನಗೆ ಗೊತ್ತಾಗುತ್ತದೆ.

ಮೇಲೆ ಬಂದಾಗ 25 ನಿಮಿಷ ಆಗಿತ್ತು. ಅಪ್ಪ ಬಲೆಯನ್ನು ಕೈಗೆ ತೆಗೆದುಕೊಂಡು, ಕಣ್ಣಿಗಿಂತ ಬೆರಳಿನಲ್ಲೇ ನೋಡಿದರು. "ಇದು ನಮ್ಮ ಬದಿಯದ್ದೇ. ಹರಿದಲ್ಲಿ ಗಂಟು ಹಾಕಿದ್ದು ನೋಡು, ಅವಸರದಲ್ಲಿ ಹಾಕಿದ್ದು. ನಂದೂ ಎಷ್ಟು ಕಡಿದು ಹೋಯ್ತು ಇಲ್ಲಿ" ಅಂದರು. ಆಮೇಲೆ ಸುಮಾರು ಹೊತ್ತು ಬಿಟ್ಟು, "ಆ ಹಸ್ರು ಮೀನಿನ ಬಣ್ಣ ಒಳಗೆ ಹೆಂಗಿರ್ತದೆ? ದೋಣಿಗೆ ಹಾಕಿದ್ಮೇಲೆ ಹೋಗ್ಬಿಡ್ತದಲ್ಲ" ಅಂತ ಕೇಳಿದರು. 30 ವರ್ಷ ಆ ನೀರಿನ ಮೇಲೆ ಬದುಕಿದ ಮನುಷ್ಯ. ನನಗೆ ಹೇಳಲಿಕ್ಕೆ ಬರಲಿಲ್ಲ. ಮೊಮ್ಮಗ ಕ್ಯಾಮೆರಾ ತಂದು ತೋರಿಸಿದ. ಅಪ್ಪ ಅದನ್ನು ಮೂರು ಸಲ ನೋಡಿದರು.

ಆ ರಾತ್ರಿ ನಾನು ಅಕ್ಕನಿಗೆ, ಹುಡುಗನನ್ನು ಕರೆದುಕೊಂಡು ಹೋಗುವುದಿಲ್ಲ, ಆ ದುಡ್ಡನ್ನು ಇನ್‌ಸ್ಟ್ರಕ್ಟರ್ ಕೋರ್ಸಿಗೆ ಕೊಡು ಅಂದೆ. ಅಕ್ಕ ಕೇಳಿದ್ದು ನ್ಯಾಯವಾದ ಪ್ರಶ್ನೆ: "ಮಳೆಗಾಲದಲ್ಲಿ ನಾಲ್ಕು ತಿಂಗಳು ದೋಣಿ ಇಲ್ಲ. ಅವನ ಹೊಟ್ಟೆಗೆ ನೀನು ಹಾಕ್ತಿಯಾ? ನೀನು ಮಾತ್ರ ಲಂಡನ್ನಿನಲ್ಲಿ ಇರ್ಬೇಕು, ಉಳಿದವ್ರು ಮೀನು ನೋಡ್ಕಂಡು ಇರ್ಬೇಕಾ?" ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಇಲ್ಲಿಗೆ ಬಂದು ಎರಡು ವರ್ಷ ಇನ್ನೊಬ್ಬರ ಕೇಬಲ್ ಎಳೆದದ್ದನ್ನು ಅವಳಿಗೆ ನಾನು ಯಾವತ್ತೂ ಹೇಳಿರಲಿಲ್ಲ. ಆ ರಾತ್ರಿ ಹೇಳಿದೆ. ಅವಳು ನಂಬಿದಳೋ ಇಲ್ಲವೋ. ಕೋರ್ಸಿನ ಅರ್ಧ ದುಡ್ಡು ಕೊನೆಗೆ ನಾನೇ ಕಳಿಸಿದೆ. ಅಕ್ಕ ಎಂಟು ತಿಂಗಳು ನನ್ನ ಫೋನ್ ಎತ್ತಲಿಲ್ಲ. ಹುಡುಗ ಪಾಸಾದ. ಮಳೆಗಾಲಕ್ಕೆ ಅಂಡಮಾನ್ ಕಡೆ ಕೆಲಸ ಹುಡುಕುತ್ತಿದ್ದಾನೆ, ಆ ಹ್ಯಾವ್‌ಲಾಕ್‌ಗೇ.

ಹೋಗಬೇಕು ಅನ್ನುವವರಿಗೆ ಎರಡು ಮಾತು. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿ ಇರುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಮರೆತುಬಿಡಿ. ಅಸ್ತಮಾ, ಹೃದಯದ ತೊಂದರೆ, ಕಿವಿಯ ಆಪರೇಷನ್ ಆಗಿದ್ದರೆ ಫಾರಂನಲ್ಲಿ ಸುಳ್ಳು ಬರೆಯಬೇಡಿ, ಡಾಕ್ಟರರನ್ನು ಕೇಳಿ. ನಮ್ಮಂಥವರಿಗೆ ಮುಖ್ಯವಾದದ್ದು ಇದು: ರಜೆಯ ಕೊನೆಯ ದಿನ ಡೈವ್ ಮಾಡಿ ವಿಮಾನ ಹತ್ತಬೇಡಿ. ಒತ್ತಡದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಹೊರಗೆ ಹೋಗಲು ಸಮಯ ಬೇಕು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಬಿಡಬೇಕು. ಮದುವೆ, ಬ್ಯಾಂಕು, ಆಧಾರ್ ಕೆಲಸ ಎಲ್ಲ ಆಮೇಲೆ ಇಟ್ಟುಕೊಳ್ಳಿ, ಇದನ್ನು ಮೊದಲ ವಾರವೇ ಮುಗಿಸಿ.

ಬರುವ ಜನವರಿಗೆ ನಾನು ಮತ್ತೆ ಹೋಗುತ್ತಿದ್ದೇನೆ. ಅಪ್ಪ ದೋಣಿಗೆ ಬರುತ್ತಾರಂತೆ. ಹೋದ ವಾರ ಅಕ್ಕ ಫೋನ್ ಮಾಡಿ, ನಾನೂ ದೋಣಿಯಲ್ಲಿ ಕೂತು ಬರಬಹುದಾ, ನೀರಿಗೆ ಇಳಿಯೂದಿಲ್ಲ, ಸುಮ್ಮನೆ ಕೂತಿರ್ತೆ ಅಂದಳು. ಇನ್ನೂ ನಾಲ್ಕು ಜನಕ್ಕೆ ಜಾಗ ಇದೆ. ಬರುವವರು ಚಹಾ ಮೇಜಿನ ಹತ್ತಿರ ಸಿಗಿ.