ಬಾಳೆಲೆಯೂ ಬಿಳಿಯ ತಟ್ಟೆಯೂ



ನಾಡುನುಡಿಗಳ ವಿಚಾರವನ್ನು ಹಿರಿಯರು ಆಗಲೇ ಸೊಗಸಾಗಿ ಆಡಿದ್ದಾರೆ. ನಾವು ಮನೆಯ ಒಂದು ಮಾತನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇವೆ.

ನಮ್ಮ ಮನೆಯ ಹಿರಿಯರೊಬ್ಬರಿಗೆ ಪಾರ್ಕಿನ್ಸನ್ ಕಾಯಿಲೆ. ನಮ್ಮ ಕಡೆ ಕಂಪವಾತವೆನ್ನುವುದು ಇದನ್ನೇ. ಕೈ ನಡುಗುವುದು, ಹೆಜ್ಜೆ ಕಿರಿದಾಗುವುದು ನಮಗೆ ತಿಳಿದಿತ್ತು. ಆದರೆ ರಾತ್ರಿ ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ಬಡಿಸಿದ ಮೊಸರನ್ನವನ್ನು ಅವರು ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. “ಕಣ್ಣು ಬಿಟ್ಟು ನೋಡಿ ಉಣ್ಣಬಾರದೇ?” ಎಂದು ನಾವು ಗದರಿದ್ದುಂಟು. ಕನ್ನಡಕ ಬದಲಿಸಿದರೂ ಗುಣ ಕಾಣಲಿಲ್ಲ. ಕಳೆದ ವರುಷ ನಮ್ಮ ಸಂಘದ ಹಬ್ಬದೂಟಕ್ಕೆ ಬಾಳೆಲೆ ಹಾಕಿದಾಗ ಅವರು ಒಂದಗುಳೂ ಬಿಡದೆ ಉಂಡರು. ಹಸಿರೆಲೆಯ ಮೇಲೆ ಬಿಳಿಯ ಅನ್ನ ಕಂಡಿತ್ತು. ಬಿಳಿಯ ತಟ್ಟೆಯಲ್ಲಿ ಕಂಡಿರಲಿಲ್ಲ. ಗದರಿದ ಮಾತನ್ನು ನೆನೆದು ಅಂದು ನಾವು ತಲೆ ತಗ್ಗಿಸಿದೆವು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ೧೮೧೭ರಲ್ಲಿ ಈ ರೋಗವನ್ನು ವರ್ಣಿಸಿದಾಗ, ಇಂದ್ರಿಯಗಳಿಗೂ ಬುದ್ಧಿಗೂ ಊನವಿಲ್ಲವೆಂದು ಬರೆದರು. ಅದು ಪೂರ್ತಿ ಸರಿಯಲ್ಲವೆಂದು ಇಂದು ತಿಳಿದಿದೆ. ಮಿದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ತಯಾರಿಸುವ ಕೋಶಗಳು ನಶಿಸುವುದೇ ಈ ಕಾಯಿಲೆಯ ಮೂಲ.

ಆ ಅರಿವಿಗೂ ನಾವಿರುವ ಈ ಊರಿಗೂ ನಂಟುಂಟು. ೧೯೩೧ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಸರ್ಪಗಂಧಿಯ ಬೇರು ರಕ್ತದ ಒತ್ತಡಕ್ಕೂ ಉನ್ಮಾದಕ್ಕೂ ಮದ್ದಾಗುವುದೆಂದು ಪ್ರಕಟಿಸಿದರು. ೧೯೫೨ರಲ್ಲಿ ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಸ್ವಿಟ್ಜರ್ಲೆಂಡಿನಲ್ಲಿ ಬೇರ್ಪಡಿಸಿದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ೧೯೫೭ರಲ್ಲಿ ರಿಸರ್ಪಿನ್ನಿನಿಂದ ಜಡವಾಗಿ ಬಿದ್ದ ಪ್ರಾಣಿಗಳಿಗೆ ಡೋಪಾ ಕೊಟ್ಟು ಮತ್ತೆ ಚೇತನ ತಂದರು. ಮಿದುಳಿನಲ್ಲಿ ಡೋಪಮೈನಿನ ಮಹತ್ತ್ವ ಹೀಗೆ ಬೆಳಕಿಗೆ ಬಂತು. ೨೦೦೦ದಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ದೊರೆಯಿತು. ಲೀವೊಡೋಪಾ ಇಂದಿಗೂ ಈ ಕಾಯಿಲೆಯ ಮುಖ್ಯ ಔಷಧಿ.

ಈ ಡೋಪಮೈನ್ ಮಿದುಳಿನಲ್ಲಷ್ಟೇ ಅಲ್ಲ, ಕಣ್ಣಿನ ಹಿಂಬದಿಯ ಅಕ್ಷಿಪಟದಲ್ಲಿಯೂ ಉಂಟು. ಅಲ್ಲಿ ಅದು ಕುಂದಿದರೆ ಅಕ್ಷರಗಳು ಕಂಡರೂ ಹಿನ್ನೆಲೆಯಿಂದ ವಸ್ತುವನ್ನು ಬೇರ್ಪಡಿಸುವ ಶಕ್ತಿ ಕುಗ್ಗುತ್ತದೆ. ಹತ್ತಿರದ ಬಣ್ಣಗಳು, ಅದರಲ್ಲಿಯೂ ನೀಲಿ ಹಳದಿಗಳ ಛಾಯೆಗಳು, ಹಲವರಿಗೆ ಮಸಕಾಗಿ ಒಂದಾಗುತ್ತವೆ. ಕಣ್ಣು ತಂದ ಚಿತ್ರವನ್ನು ಅರ್ಥಮಾಡುವ ಮಿದುಳಿನ ಕೆಲಸವೂ ಕೆಲವರಲ್ಲಿ ತಪ್ಪುತ್ತದೆ. ಮಬ್ಬುಬೆಳಕಿನಲ್ಲಿ ಸೊಳ್ಳೆಪರದೆಯ ಮಡಿಕೆ ಯಾರೋ ಕುಳಿತಂತೆ ತೋರಬಹುದು. ಅದು ಗಾಳಿಚೇಷ್ಟೆಯೂ ಅಲ್ಲ, ಅರಳುಮರಳೆಂದು ನಗುವ ವಿಷಯವೂ ಅಲ್ಲ. ಔಷಧಿಯಿಂದಲೂ ಹಾಗಾಗುವುದುಂಟು; ವೈದ್ಯರಿಗೆ ತಿಳಿಸಬೇಕು, ತಾವೇ ಔಷಧಿ ನಿಲ್ಲಿಸಬಾರದು.

ಮನೆಯಲ್ಲಿ ಮಾಡಬೇಕಾದುದು ಹೆಚ್ಚೇನಿಲ್ಲ. ಬಿಳಿಯ ಅನ್ನಕ್ಕೆ ಗಾಢಬಣ್ಣದ ತಟ್ಟೆಯಿಡಿರಿ. ಭವಾನೀಪುರದ ಕಡೆಯ ಹಳೆಯ ಮನೆಗಳಲ್ಲಿ ಕೆಂಪು ಸಿಮೆಂಟಿನ ಮೆಟ್ಟಿಲುಗಳೆಲ್ಲ ಒಂದೇ ಬಣ್ಣ. ಪ್ರತಿ ಮೆಟ್ಟಿಲಿನ ಅಂಚಿಗೆ ಬಿಳಿಯ ಪಟ್ಟೆ ಬಳಿಸಿರಿ. ನೆಲದ ಅಡ್ಡಗೆರೆ ಕಂಡೊಡನೆ ತಡೆದು ನಿಂತ ಹೆಜ್ಜೆ ಮುಂದೆ ಬರುವುದೂ ಹಲವರಲ್ಲಿ ಉಂಟು. ಸಂಜೆಯ ದೀಪ ಬೇಗನೆ ಹಚ್ಚಿರಿ. ಪೊರೆಯೂ ಇರಬಹುದಾದ್ದರಿಂದ ಕಣ್ಣಿನ ವೈದ್ಯರಿಗೆ ತೋರಿಸಿ, ಈ ಕಾಯಿಲೆಯ ಸಂಗತಿಯನ್ನೂ ಹೇಳಿರಿ.

ಊರು ಬಿಟ್ಟು ಇಷ್ಟು ದೂರ ಬಂದ ನಮ್ಮ ಹಿರಿಯರಿಗೆ ತಮ್ಮ ನುಡಿಯಲ್ಲಿ ಸಂಕಟ ಹೇಳಿಕೊಳ್ಳಲು ನಾವೇ ಗತಿ. “ಕಾಣುವುದಿಲ್ಲ” ಎಂದು ಅವರೆಂದರೆ ನಂಬೋಣ. ಇಂದೂ ಬಾಳೆಲೆ ಹಾಕಿದೆ. ಅವರ ಪಕ್ಕದಲ್ಲಿ ಕುಳಿತು, ಆತುರಪಡಿಸದೆ ಉಣ್ಣೋಣವೆಂದು ಬಿನ್ನವಿಸಿ ವಿರಮಿಸುತ್ತೇವೆ.